ಉದುರೆಲೆಗಳಿಂದ ಎಣಿಕೆ ಕಲಿಸುವುದು: ಬಾಯಿಪಾಠ ಬರುತ್ತದೆ, ‘ಎಷ್ಟು’ ಎಂಬುದು ಬರುತ್ತಿಲ್ಲ

ಪ್ರಶ್ನೆ: ಶಿಶುವರ್ಗದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾಲ್ಕರಿಂದ ಐದು ವರ್ಷದ ಮಕ್ಕಳ ತರಗತಿಯೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಎಲೆ ಉದುರುವ ಕಾಲ ಹತ್ತಿರವಾಗಿರುವುದರಿಂದ ಮುಂದಿನ ಕೆಲವು ವಾರಗಳ ಎಣಿಕೆಯ ಪಾಠಗಳನ್ನೆಲ್ಲ ಶರತ್ಕಾಲದ ವಸ್ತುಗಳನ್ನೇ ಇಟ್ಟುಕೊಂಡು ನಡೆಸಬೇಕೆಂದಿದ್ದೇನೆ. ಹಳದಿ, ಕೆಂಪು, ಕಂದು ಎಲೆಗಳು, ಪೈನ್ ಕಾಯಿಗಳು, ಟೊಪ್ಪಿಗೆ ತೊಟ್ಟಂತಿರುವ ಓಕ್ ಕಾಯಿಗಳು, ಕುಂಬಳದ ಬೀಜಗಳು, ಇಷ್ಟನ್ನು ಕೂಡಿಸುವುದು ಕಷ್ಟವಲ್ಲ. ಗೋಡೆಯ ಮೇಲೆ ರಟ್ಟಿನ ಮರ ನಿಲ್ಲಿಸಿ ದಿನಕ್ಕೊಂದು ಅಂಕಿಯಂತೆ ಅಷ್ಟಷ್ಟೇ ಎಲೆಗಳನ್ನು ಅಂಟಿಸುವುದು, ಅಂಕಿ ಬರೆದ ಬಟ್ಟಲುಗಳಿಗೆ ಬೀಜ ಹಾಕಿಸುವುದು, ಎಲೆಗಳನ್ನು ಬಣ್ಣದ ಪ್ರಕಾರ ವಿಂಗಡಿಸುವುದು, ಅಂಕಿಗೆ ತಕ್ಕ ಬಣ್ಣ ತುಂಬುವ ಹಾಳೆಗಳನ್ನು ಕೊಡುವುದು, ಹೀಗೆ ಒಂದು ಪಟ್ಟಿಯೂ ಸಿದ್ಧವಾಗಿದೆ.

ನನ್ನ ತೊಡಕು ಪಟ್ಟಿಯದಲ್ಲ. ನನ್ನ ಮಕ್ಕಳಲ್ಲಿ ಹೆಚ್ಚಿನವರು ಇಪ್ಪತ್ತರವರೆಗೆ ಸರಾಗವಾಗಿ ಹೇಳುತ್ತಾರೆ. ಆದರೆ ‘ಏಳು ಎಲೆ ತೆಗೆದುಕೊಂಡು ಬಾ’ ಎಂದರೆ ಕೈಗೆ ಸಿಕ್ಕಷ್ಟನ್ನು ಬಾಚಿಕೊಂಡು ಬರುತ್ತಾರೆ. ಮುಂದೆ ಕೂರಿಸಿಕೊಂಡು ಎಣಿಸಲು ಹೇಳಿದರೆ ಬೆರಳು ಒಂದು ದಾರಿಯಲ್ಲಿ, ಬಾಯಿ ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ಒಂದು ಎಲೆಗೆ ಎರಡು ಸಂಖ್ಯೆ ಬೀಳುತ್ತದೆ, ಇನ್ನೊಂದು ಎಲೆ ಎಣಿಕೆಗೇ ಸಿಗದೆ ಉಳಿದುಬಿಡುತ್ತದೆ. ಸರಿಯಾಗಿ ಎಣಿಸಿ ‘ಐದು’ ಎಂದು ನಿಲ್ಲಿಸಿದ ಮಗುವನ್ನೂ ‘ಹಾಗಾದರೆ ಎಷ್ಟಿವೆ?’ ಎಂದು ಕೇಳಿದೆನೆಂದರೆ ಉತ್ತರ ಹೇಳುವ ಬದಲು ಮತ್ತೆ ಒಂದರಿಂದ ಆರಂಭಿಸುತ್ತದೆ. ಇಂಥ ಮಕ್ಕಳಿಗೆ ಈ ಚಟುವಟಿಕೆಗಳನ್ನು ಯಾವ ಕ್ರಮದಲ್ಲಿ ಇಡಬೇಕು, ಯಾವುದನ್ನು ಬಿಡಬೇಕು, ಎಷ್ಟರವರೆಗಿನ ಸಂಖ್ಯೆಗಳಿಗೆ ನಿಲ್ಲಿಸಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ: ನಿವೃತ್ತ ಬೋಧಕ

ತಾವು ಗಮನಿಸಿರುವ ಮೂರು ಸಂಗತಿಗಳು ನೋಡಲು ಒಂದೇ ಬಗೆಯ ತಪ್ಪಿನಂತೆ ಕಂಡರೂ ಮೂರೂ ಬೇರೆ ಬೇರೆ. ಅವನ್ನು ಹಾಗೆ ಬಿಡಿಸಿ ನೋಡಿದರೆ ಚಟುವಟಿಕೆಗಳ ಕ್ರಮ ತಾನಾಗಿ ಗೊತ್ತಾಗುತ್ತದೆ. ರೋಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು 1978ರಲ್ಲಿ ಎಣಿಕೆಯ ಹಿಂದಿರುವ ಐದು ತತ್ವಗಳನ್ನು ಗುರುತಿಸಿದ್ದು, ಇಂದಿಗೂ ಶಿಶುಶಿಕ್ಷಣದಲ್ಲಿ ಅದೇ ಆಧಾರವಾಗಿದೆ. ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳಬೇಕು. ಸಂಖ್ಯೆಗಳ ಕ್ರಮ ಪ್ರತಿ ಸಲವೂ ಒಂದೇ ಇರಬೇಕು. ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಮೊತ್ತ. ಯಾವ ವಸ್ತುವನ್ನಾದರೂ ಎಣಿಸಬಹುದು. ಯಾವ ತುದಿಯಿಂದ ಎಣಿಸಿದರೂ ಮೊತ್ತ ಬದಲಾಗದು. ತಮ್ಮ ಮಕ್ಕಳಿಗೆ ಎರಡನೆಯದು ಬಂದಿದೆ. ಮೊದಲನೆಯದು ಕೈಗೆ ಇನ್ನೂ ಒಗ್ಗಿಲ್ಲ. ಮೂರನೆಯದು ಕೆಲವರಿಗೆ ಹೊಳೆದೇ ಇಲ್ಲ, ಮತ್ತು ಇಡೀ ಶಿಶುವರ್ಗದ ಗಣಿತದಲ್ಲಿ ಅತಿ ದೊಡ್ಡ ಮೆಟ್ಟಿಲು ಅದೇ ಎಂದು ನನ್ನ ಅಭಿಪ್ರಾಯ.

ಬಾಚಿಕೊಂಡು ಬರುವ ಮಗುವಿನ ವಿಷಯವನ್ನು ಮೊದಲು ನೋಡೋಣ. 1990ರಲ್ಲಿ ಕ್ಯಾರೆನ್ ವಿನ್ ಎಂಬ ಸಂಶೋಧಕಿ ಮಕ್ಕಳಿಗೆ ಆಟಿಕೆಗಳ ರಾಶಿ ತೋರಿಸಿ ‘ಇಷ್ಟು ಕೊಡು’ ಎಂದು ಕೇಳಿ ನೋಡಿದರು. ಈ ದಾರಿಯಲ್ಲಿ ಮುಂದೆ ನಡೆದ ಕೆಲಸಗಳಿಂದ ಸ್ಪಷ್ಟವಾಗಿರುವುದೇನೆಂದರೆ, ಮಗು ಮೊದಲು ‘ಒಂದು’ ಎಂಬುದರ ಅರ್ಥವನ್ನು ಹಿಡಿಯುತ್ತದೆ, ತಿಂಗಳುಗಳ ನಂತರ ‘ಎರಡು’, ಮತ್ತೆ ಕೆಲವು ತಿಂಗಳಿಗೆ ‘ಮೂರು’. ಮೂರು ನಾಲ್ಕರ ಆಸುಪಾಸಿನಲ್ಲಿ ಎಣಿಕೆಯ ಗುಟ್ಟು ಹೊಳೆದು, ಅಲ್ಲಿಂದಾಚೆಗೆ ತಾನು ಹೇಳಬಲ್ಲ ಸಂಖ್ಯೆಗಳಿಗೆಲ್ಲ ಅದನ್ನು ಅನ್ವಯಿಸತೊಡಗುತ್ತದೆ. ‘ಎರಡು’ ಮಾತ್ರ ತಿಳಿದ ಮಗುವಿಗೆ ಐದು, ಏಳು, ಹನ್ನೆರಡು ಎಲ್ಲವೂ ‘ಬಹಳ’ ಎಂಬುದಕ್ಕೆ ಬೇರೆ ಬೇರೆ ಹೆಸರುಗಳು ಮಾತ್ರ. ಹಾಗಾಗಿ ಅದು ಬಾಚಿಕೊಂಡು ಬಂದದ್ದು ಅಸಡ್ಡೆಯಿಂದಲ್ಲ, ತನಗೆ ತಿಳಿದ ಅರ್ಥಕ್ಕೆ ತಕ್ಕಂತೆಯೇ ನಡೆದುಕೊಂಡಿದೆ.

ಆದ್ದರಿಂದ ಮರ ಅಂಟಿಸುವ ಮೊದಲು ಒಂದು ಅಳಿಲಿನ ಕೈಗೊಂಬೆಯನ್ನು ಮಾಡಿಕೊಳ್ಳಿ. ಒಂದೊಂದೇ ಮಗುವನ್ನು ಪಕ್ಕಕ್ಕೆ ಕರೆದು, ಹದಿನೈದರಷ್ಟು ಓಕ್ ಕಾಯಿಗಳ ತಟ್ಟೆಯನ್ನು ಮುಂದಿಟ್ಟು, ‘ಅಳಿಲಿಗೆ ಎರಡು ಕಾಯಿ ಕೊಡು’, ‘ಈಗ ನಾಲ್ಕು ಕೊಡು’ ಎಂದು ಕೇಳಿ. ಉತ್ತರವನ್ನು ತಿದ್ದಬೇಡಿ, ಬರೆದಿಟ್ಟುಕೊಳ್ಳಿ ಸಾಕು. ಯಾವ ಮಗು ಎಲ್ಲಿ ನಿಂತಿದೆ ಎಂಬುದು ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡರಲ್ಲಿ ನಿಂತ ಮಗುವಿಗೆ ಮೂರರ ಕೆಲಸವನ್ನೂ, ನಾಲ್ಕರಲ್ಲಿ ನಿಂತ ಮಗುವಿಗೆ ಐದಾರರ ಕೆಲಸವನ್ನೂ ಕೊಡಬಹುದು. ಇಡೀ ತರಗತಿಗೆ ಒಂದೇ ದಿನ ‘ಇಂದು ಏಳನೇ ಅಂಕಿ’ ಎಂದು ಇಡುವ ಪದ್ಧತಿಯಿಂದ ಎರಡು ತುದಿಯ ಮಕ್ಕಳಿಗೂ ಪ್ರಯೋಜನವಿಲ್ಲ.

ಬೆರಳು ಮತ್ತು ಬಾಯಿ ಜೊತೆಯಾಗದಿರುವುದಕ್ಕೆ ಎಲೆಯೇ ಒಳ್ಳೆಯ ಮದ್ದು, ಆದರೆ ಎಲೆಯನ್ನು ಮುಟ್ಟಿ ಎಣಿಸುವುದನ್ನು ಬಿಟ್ಟು ಎತ್ತಿಟ್ಟು ಎಣಿಸಬೇಕು. ಎಡಕ್ಕೆ ಒಂದು ಟ್ರೇ, ಬಲಕ್ಕೆ ಒಂದು ಟ್ರೇ. ಮಗು ಎಲೆಯನ್ನು ತೊಟ್ಟಿನಲ್ಲಿ ಹಿಡಿದು ಎತ್ತಬೇಕು, ಇನ್ನೊಂದು ಟ್ರೇಗೆ ಇಳಿಸುವ ಕ್ಷಣದಲ್ಲಿ ಸಂಖ್ಯೆಯನ್ನು ಹೇಳಬೇಕು. ತೊಟ್ಟಿನಲ್ಲಿ ಹಿಡಿಯಲು ಹೇಳುವುದಕ್ಕೆ ಕಾರಣವಿದೆ: ಎಲೆಯ ಅಗಲ ಭಾಗವನ್ನು ಹಿಡಿದರೆ ಒಂದಕ್ಕೊಂದು ಅಂಟಿದ ಎರಡು ಎಲೆಗಳು ಒಟ್ಟಿಗೆ ಬರುತ್ತವೆ, ತೊಟ್ಟನ್ನು ಹುಡುಕುವ ಆ ಅರೆಕ್ಷಣದಲ್ಲಿ ಬಾಯಿಯೂ ಕೈಗಾಗಿ ಕಾಯುತ್ತದೆ. ಎಣಿಸಿದ್ದು ಒಂದು ಕಡೆ, ಎಣಿಸಬೇಕಾದದ್ದು ಇನ್ನೊಂದು ಕಡೆ ಕಣ್ಣಿಗೆ ಕಾಣುತ್ತಿರುವುದರಿಂದ ಬಿಟ್ಟುಹೋಗುವ ಪ್ರಶ್ನೆಯೂ ಇರುವುದಿಲ್ಲ.

ಮತ್ತೆ ಮತ್ತೆ ಒಂದರಿಂದ ಎಣಿಸುವ ಮಗುವಿಗೆ ಬಟ್ಟೆಯ ಆಟ. ನಾಲ್ಕು ಎಲೆಗಳನ್ನು ಎಣಿಸಿ ಮುಗಿಸಿದ ಕೂಡಲೇ ಟ್ರೇಯ ಮೇಲೆ ಕರವಸ್ತ್ರ ಹೊದಿಸಿ, ‘ಒಳಗೆ ಎಷ್ಟಿವೆ, ಅಳಿಲಿಗೆ ಹೇಳು’ ಎನ್ನಿ. ಎಲೆಗಳು ಕಾಣದಿರುವುದರಿಂದ ಮರಳಿ ಎಣಿಸಲು ಆಗುವುದಿಲ್ಲ, ಕೊನೆಯ ಸಂಖ್ಯೆಯನ್ನು ಮನಸ್ಸಿನಲ್ಲಿ ಹಿಡಿದಿಡುವುದೊಂದೇ ದಾರಿ. ನಾವೂ ಎಣಿಸಿ ತೋರಿಸುವಾಗ ‘ಒಂದು, ಎರಡು, ಮೂರು, ನಾಲ್ಕು’ ಎಂದು ನಿಲ್ಲಿಸದೆ, ಎಲ್ಲ ಎಲೆಗಳ ಸುತ್ತ ಬೆರಳಿನಿಂದ ವೃತ್ತ ಎಳೆದು ‘ಒಟ್ಟು ನಾಲ್ಕು ಎಲೆ’ ಎಂದು ಪ್ರತಿ ಸಲವೂ ಸೇರಿಸಿ ಹೇಳಬೇಕು. ಇಷ್ಟು ಸಣ್ಣ ಮಾತು ಯಾವ ಬಣ್ಣದ ಹಾಳೆಗಿಂತಲೂ ಹೆಚ್ಚು ಕಲಿಸುತ್ತದೆ.

ಅಳಿಲಿಗೆ ಇನ್ನೊಂದು ಕೆಲಸ ಕೊಡಿ: ಅದು ಆಗಾಗ ತಪ್ಪು ಎಣಿಸಲಿ. ಒಂದು ಕಾಯಿಯನ್ನು ಹಾರಿಸಲಿ, ಒಂದನ್ನು ಎರಡು ಸಲ ಎಣಿಸಲಿ, ಕೆಲವೊಮ್ಮೆ ಸಾಲಿನ ನಡುವಿನಿಂದ ಆರಂಭಿಸಿ ಸರಿಯಾಗಿಯೇ ಮುಗಿಸಲಿ. ತಾವೇ ಸರಿಯಾಗಿ ಎಣಿಸಲಾರದ ಮಕ್ಕಳೂ ಗೊಂಬೆಯ ತಪ್ಪನ್ನು ಕೂಡಲೇ ಹಿಡಿಯುತ್ತಾರೆ. ನಡುವಿನಿಂದ ಎಣಿಸಿದ್ದು ಸರಿಯೋ ತಪ್ಪೋ ಎಂಬ ಬಗ್ಗೆ ಮಾತ್ರ ಅವರಲ್ಲೇ ಜಗಳವಾಗುತ್ತದೆ; ಆ ಜಗಳವನ್ನು ತೀರ್ಮಾನಿಸಲು ಅವಸರಪಡಬೇಡಿ.


ಉತ್ತರ: ಎಣಿಕೆಯ ಆಸಕ್ತ

ಹಿರಿಯರು ಹೇಳಿದ್ದಕ್ಕೆ ಸೇರಿಸುವುದು ಸ್ವಲ್ಪವೇ ಇದೆ, ಆದರೆ ಪಟ್ಟಿಯಲ್ಲಿರುವ ಎರಡು ಚಟುವಟಿಕೆಗಳ ಬಗ್ಗೆ ನನ್ನ ತಕರಾರಿದೆ. ಎಲೆಗಳನ್ನು ಬಣ್ಣದ ಪ್ರಕಾರ ವಿಂಗಡಿಸುವುದು ಒಳ್ಳೆಯ ಕೆಲಸವೇ, ಆದರೆ ಅದು ವರ್ಗೀಕರಣವೇ ಹೊರತು ಎಣಿಕೆಯಲ್ಲ. ವಿಂಗಡಿಸಿ ಮುಗಿದ ಮೇಲೆ ‘ಯಾವ ಗುಂಪಿನಲ್ಲಿ ಹೆಚ್ಚು ಎಲೆಗಳಿವೆ?’ ಎಂದು ಕೇಳಿದಾಗ ಮಾತ್ರ ಅಲ್ಲಿ ಸಂಖ್ಯೆ ಹುಟ್ಟುತ್ತದೆ. ಅಂಕಿಗೆ ತಕ್ಕ ಬಣ್ಣ ತುಂಬುವ ಹಾಳೆಯಂತೂ ಎಣಿಕೆಯನ್ನು ಕೇಳುವುದೇ ಇಲ್ಲ. ಮೂರು ಎಂದರೆ ಹಳದಿ, ನಾಲ್ಕು ಎಂದರೆ ಕೆಂಪು ಎಂದು ಗುರುತಿಟ್ಟ ಹಾಳೆಯಲ್ಲಿ ಮೂರರ ಜಾಗದಲ್ಲಿ ತ್ರಿಕೋನವನ್ನೂ ನಾಲ್ಕರ ಜಾಗದಲ್ಲಿ ಚುಕ್ಕೆಯನ್ನೂ ಬರೆದಿಟ್ಟರೂ ಮಗು ಅಷ್ಟೇ ಚೆನ್ನಾಗಿ ಬಣ್ಣ ತುಂಬಬಲ್ಲದು. ನನ್ನ ಮಟ್ಟಿಗೆ ಅದನ್ನು ಬಿಟ್ಟುಬಿಡಬಹುದು.

‘ಯಾವುದು ಹೆಚ್ಚು’ ಎಂದು ಕೇಳುವಾಗ ಒಂದು ಎಚ್ಚರಿಕೆ ಬೇಕು. ಐದು ದೊಡ್ಡ ಮೇಪಲ್ ಎಲೆಗಳನ್ನೂ ಏಳು ಸಣ್ಣ ಎಲೆಗಳನ್ನೂ ಎದುರು ಬದುರು ಹರಡಿದರೆ ಈ ವಯಸ್ಸಿನ ಬಹಳಷ್ಟು ಮಕ್ಕಳು ದೊಡ್ಡ ಎಲೆಗಳ ಕಡೆಗೇ ಕೈ ತೋರಿಸುತ್ತಾರೆ, ಏಕೆಂದರೆ ಅವು ಮೇಜಿನ ಮೇಲೆ ಹೆಚ್ಚು ಜಾಗ ಹಿಡಿದಿರುತ್ತವೆ. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿಕೊಟ್ಟಿದ್ದೂ ಇದೇ ಬಗೆಯದು: ಒಂದೇ ಸಂಖ್ಯೆಯ ವಸ್ತುಗಳಿರುವ ಎರಡು ಸಾಲುಗಳಲ್ಲಿ ಒಂದನ್ನು ಮಗುವಿನ ಕಣ್ಣೆದುರೇ ಅಗಲಿಸಿ ಹರಡಿದರೆ, ಅದರಲ್ಲಿ ಈಗ ಹೆಚ್ಚಿವೆ ಎಂದು ಮಗು ಹೇಳುತ್ತದೆ. ‘ತಪ್ಪು’ ಎನ್ನುವುದಕ್ಕಿಂತ ಒಂದೊಂದು ದೊಡ್ಡ ಎಲೆಯ ಮೇಲೆ ಒಂದೊಂದು ಸಣ್ಣ ಎಲೆಯನ್ನು ಇರಿಸಲು ಹೇಳುವುದು ಒಳ್ಳೆಯದು. ಕೊನೆಯಲ್ಲಿ ಎರಡು ಸಣ್ಣ ಎಲೆಗಳು ಜೊತೆಯಿಲ್ಲದೆ ಉಳಿದಾಗ ಮಕ್ಕಳ ಮುಖವನ್ನು ನೋಡಬೇಕು.


ಉತ್ತರ: ತರಗೆಲೆ

ನಾನೂ ಇದೇ ವಯಸ್ಸಿನ ಮಕ್ಕಳ ಜೊತೆ ಕೆಲಸ ಮಾಡುವವಳು. ಎಣಿಸುವುದರ ಬಗ್ಗೆ ಮೇಲೆ ಚೆನ್ನಾಗಿ ಬಂದಿದೆ, ಎಣಿಸದೆಯೇ ಕಾಣುವುದರ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಅದನ್ನು ಬರೆಯುತ್ತೇನೆ. ಮೂರು ನಾಲ್ಕು ವಸ್ತುಗಳವರೆಗೆ ನಮ್ಮ ಕಣ್ಣು ಎಣಿಸುವುದಿಲ್ಲ, ಒಂದೇ ನೋಟಕ್ಕೆ ‘ಮೂರು’ ಎಂದು ತಿಳಿದುಬಿಡುತ್ತದೆ. ಅದಕ್ಕಿಂತ ಹೆಚ್ಚಾದಾಗ ಗುಂಪುಗಳಾಗಿ ಒಡೆದು ನೋಡುತ್ತೇವೆ: ಆರು ಎಂದರೆ ಮೂರು ಮತ್ತು ಮೂರು. ಈ ಒಡೆದು ನೋಡುವ ಕಣ್ಣನ್ನು ಅಭ್ಯಾಸದಿಂದ ಬೆಳೆಸಬಹುದು, ಮುಂದಿನ ಕೂಡಿಸುವಿಕೆ ಕಳೆಯುವಿಕೆಗಳೆಲ್ಲ ಅದರ ಮೇಲೆಯೇ ನಿಲ್ಲುತ್ತವೆ.

ನಾನು ಮಾಡುವುದು ಹೀಗೆ. ಒಣ ಎಲೆಗಳನ್ನು ರಟ್ಟಿನ ಮೇಲೆ ಬೇರೆ ಬೇರೆ ಜೋಡಣೆಯಲ್ಲಿ ಅಂಟಿಸಿಟ್ಟುಕೊಂಡಿರುತ್ತೇನೆ. ನಾಲ್ಕು ಎಲೆಗಳು ಚೌಕವಾಗಿ, ಸಾಲಾಗಿ, ಎರಡೆರಡಾಗಿ, ಮೂರು ಮತ್ತು ಒಂದಾಗಿ. ರಟ್ಟನ್ನು ಎರಡು ಸೆಕೆಂಡು ತೋರಿಸಿ ಮಗುಚಿಟ್ಟು, ‘ಎಷ್ಟಿದ್ದವು, ಹೇಗೆ ಕಂಡವು?’ ಎಂದು ಕೇಳುತ್ತೇನೆ. ಎರಡನೆಯ ಪ್ರಶ್ನೆಯೇ ಮುಖ್ಯ. ‘ಮೇಲೆ ಎರಡು, ಕೆಳಗೆ ಎರಡು’ ಎಂದು ಒಂದು ಮಗು ಹೇಳಿದರೆ, ‘ನನಗೆ ಮೂರು ಕಂಡವು, ಆಮೇಲೆ ಮೂಲೆಯಲ್ಲಿ ಒಂದು’ ಎಂದು ಇನ್ನೊಂದು ಹೇಳುತ್ತದೆ. ಹೊತ್ತು ಜಾಸ್ತಿ ತೋರಿಸಿದರೆ ಮಕ್ಕಳು ಎಣಿಸಲು ತೊಡಗುತ್ತಾರೆ, ಆಟದ ಉದ್ದೇಶವೇ ಹೋಗುತ್ತದೆ.

ಇದರ ಜೊತೆಗೆ ಹತ್ತರ ಚೌಕಟ್ಟನ್ನು ಖಂಡಿತ ತರಬೇಕು. ಐದು ಮನೆಗಳ ಎರಡು ಸಾಲು, ಅಷ್ಟೇ. ದಪ್ಪ ರಟ್ಟಿನ ಮೇಲೆ ಗೆರೆ ಎಳೆದುಕೊಂಡರೆ ಆಯಿತು. ಮೊದಲು ಐದರ ಒಂದೇ ಸಾಲಿನಿಂದ ಆರಂಭಿಸಿ. ಮನೆಗೊಂದರಂತೆ ಓಕ್ ಕಾಯಿ ಇಡುತ್ತ ಹೋದರೆ ತುಂಬಿದ ಮನೆಗಳ ಜೊತೆಗೆ ಖಾಲಿ ಮನೆಗಳೂ ಕಾಣುವುದರಿಂದ, ‘ನಾಲ್ಕಿವೆ, ಇನ್ನೊಂದು ಬಂದರೆ ಐದು’ ಎಂಬ ಮಾತು ಕೇಳದೆಯೇ ಬರುತ್ತದೆ. ಎರಡು ಸಾಲಿಗೆ ಹೋದ ಮೇಲೆ ಏಳು ಎಂದರೆ ‘ಒಂದು ಸಾಲು ಪೂರ್ತಿ, ಮತ್ತೆ ಎರಡು’ ಎಂಬ ಚಿತ್ರ ಕೂತುಬಿಡುತ್ತದೆ. ಹತ್ತು ತುಂಬಿದ ಚೌಕಟ್ಟಿನ ಪಕ್ಕದಲ್ಲಿ ಮೂರು ಬಿಡಿ ಕಾಯಿಗಳನ್ನಿಟ್ಟಾಗ ಹದಿಮೂರಕ್ಕೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ, ಆದರೆ ಅದಕ್ಕೆ ಅವಸರವಿಲ್ಲ.

ತಮ್ಮ ಗೋಡೆಯ ಮರವನ್ನು ಬಿಡಬೇಡಿ, ಬಳಸುವ ರೀತಿಯನ್ನು ಮಾತ್ರ ಬದಲಿಸಿ. ಅಂಟಿಸಿಬಿಟ್ಟ ಎಲೆ ಅಲಂಕಾರವಾಗಿಬಿಡುತ್ತದೆ. ಎಲೆಗಳನ್ನು ತೆಗೆದು ಹಾಕುವಂತಿದ್ದರೆ ಅದೇ ಮರದಲ್ಲಿ ವಾರಗಟ್ಟಲೆ ಆಡಬಹುದು. ಮರದ ಮೇಲೆ ಐದು ಎಲೆಗಳಿರಲಿ. ಮಕ್ಕಳೆಲ್ಲ ಗಾಳಿ ಊದುತ್ತಾರೆ, ನೀವು ಎರಡು ಎಲೆಗಳನ್ನು ನೆಲಕ್ಕೆ ಬೀಳಿಸುತ್ತೀರಿ. ಮರದ ಮೇಲೆ ಮೂರು, ನೆಲದ ಮೇಲೆ ಎರಡು, ಒಟ್ಟು ಇನ್ನೂ ಐದೇ. ಐದನ್ನು ಹೀಗೆ ಹಂಚಲು ಆರು ದಾರಿಗಳಿವೆ: ಮರದ ಮೇಲೆ ಐದೂ ಇರುವುದರಿಂದ ಹಿಡಿದು ಒಂದೂ ಇಲ್ಲದಿರುವವರೆಗೆ. ಆರನ್ನೂ ಮಕ್ಕಳೇ ಹುಡುಕಲಿ. ಕೆಲವು ದಿನಗಳ ನಂತರ ನೆಲದ ಎಲೆಗಳನ್ನು ಬುಟ್ಟಿಯ ಕೆಳಗೆ ಬಚ್ಚಿಟ್ಟು, ಮರವನ್ನು ಮಾತ್ರ ತೋರಿಸಿ, ‘ಬುಟ್ಟಿಯ ಕೆಳಗೆ ಎಷ್ಟು?’ ಎಂದು ಕೇಳಿ. ಇದು ಕಳೆಯುವ ಲೆಕ್ಕವೇ, ಆ ಹೆಸರು ಹೇಳಬೇಕಾಗಿಲ್ಲ.

ಎಲ್ಲ ಎಲೆಗಳೂ ಉದುರಿದ ಬೋಳು ಮರವೇ ಸೊನ್ನೆಯನ್ನು ಪರಿಚಯಿಸಲು ತಕ್ಕ ಸಂದರ್ಭ. ಸೊನ್ನೆ ಚಿಕ್ಕ ಮಕ್ಕಳಿಗೆ ತೊಡಕಿನ ಸಂಖ್ಯೆ, ಏಕೆಂದರೆ ಅದನ್ನು ಎಣಿಸಿ ತಲುಪಲು ಬರುವುದಿಲ್ಲ. 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸರಿಯವರ ಪದ್ಧತಿಯಲ್ಲಿ ಕಡ್ಡಿಗಳ ಪೆಟ್ಟಿಗೆ ಎಂಬ ಒಂದು ಸಾಧನವಿದೆ. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಬರೆದ ಹತ್ತು ಗೂಡುಗಳು, 45 ಕಡ್ಡಿಗಳು. ಮಗು ಪ್ರತಿ ಗೂಡಿಗೂ ಅಷ್ಟಷ್ಟು ಕಡ್ಡಿಗಳನ್ನು ಹಾಕುತ್ತ ಬರುತ್ತದೆ, ಸೊನ್ನೆಯ ಗೂಡು ಖಾಲಿಯೇ ಉಳಿಯುತ್ತದೆ. ಎಲ್ಲೋ ಒಂದು ಕಡೆ ತಪ್ಪಿದರೆ ಕೊನೆಯ ಗೂಡಿಗೆ ಬರುವಾಗ ಕಡ್ಡಿ ಕಡಿಮೆ ಬೀಳುತ್ತದೆ ಅಥವಾ ಮಿಗುತ್ತದೆ. ತಪ್ಪನ್ನು ಶಿಕ್ಷಕರು ಹೇಳುವ ಮೊದಲೇ ಪೆಟ್ಟಿಗೆ ಹೇಳಿಬಿಡುತ್ತದೆ. ತಮ್ಮ ಬಟ್ಟಲುಗಳ ಚಟುವಟಿಕೆಗೂ ಇದನ್ನೇ ಅನ್ವಯಿಸಿ. ಬೀಜದ ರಾಶಿ ಕೊಡದೆ, ಸೊನ್ನೆಯಿಂದ ನಾಲ್ಕರವರೆಗಿನ ಬಟ್ಟಲುಗಳಿಗೆ ಸರಿಯಾಗಿ 10 ಬೀಜ, ಐದರವರೆಗೆ ಹೋದರೆ 15 ಬೀಜ, ಹೀಗೆ ಲೆಕ್ಕ ಹಾಕಿಯೇ ಕೊಡಿ.


ಶಿಶುವರ್ಗದ ಶಿಕ್ಷಕಿ:

ಎಲ್ಲರಿಗೂ ಧನ್ಯವಾದಗಳು. ಬಣ್ಣದ ಹಾಳೆಗಳನ್ನು ಕೈಬಿಡುತ್ತಿದ್ದೇನೆ, ಮರದ ಎಲೆಗಳಿಗೆ ಅಂಟಿನ ಬದಲು ಬಟ್ಟೆಯ ಕ್ಲಿಪ್ಪುಗಳನ್ನು ಹಾಕುತ್ತೇನೆ. ಇನ್ನೆರಡು ಸಂದೇಹಗಳಿವೆ. ಹೊರಗಿನಿಂದ ತಂದ ಎಲೆ ಮೂರೇ ದಿನದಲ್ಲಿ ಮುದುಡಿ ಪುಡಿಯಾಗುತ್ತದೆ, ಸಣ್ಣ ಕಾಯಿಗಳನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಭಯವೂ ಇದೆ. ಇದಕ್ಕೆಲ್ಲ ಪ್ಲಾಸ್ಟಿಕ್ ಎಲೆ, ಪ್ಲಾಸ್ಟಿಕ್ ಕಾಯಿಗಳೇ ವಾಸಿಯೇ? ಹಾಗೆಯೇ, ಎಷ್ಟರವರೆಗೆ ಕಲಿಸಬೇಕು ಎಂಬ ಪ್ರಶ್ನೆ ಉಳಿದಿದೆ. ಪೋಷಕರಲ್ಲಿ ಹಲವರು ವರ್ಷದ ಕೊನೆಗೆ ನೂರರವರೆಗೆ ಬರಬೇಕು, ಅಂಕಿಗಳನ್ನು ಬರೆಯಲೂ ಬರಬೇಕು ಎಂದು ನಿರೀಕ್ಷಿಸುತ್ತಾರೆ.


ಉತ್ತರ: ಮಣಿ ಮತ್ತು ಕಡ್ಡಿ

ಸಾಮಗ್ರಿಯ ಬಗ್ಗೆ ನಾನು ಹೇಳುತ್ತೇನೆ. ಎಲೆಗಳನ್ನು ತಂದ ದಿನವೇ ಒರೆಸಿ, ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒಂದಕ್ಕೊಂದು ತಾಗದಂತೆ ಹರಡಿ, ಮೇಲೆ ದಪ್ಪ ಪುಸ್ತಕಗಳ ಭಾರ ಹೇರಿಡಿ. ನಡುವೆ ಒಮ್ಮೆ ಒದ್ದೆಯಾದ ಹಾಳೆಗಳನ್ನು ಬದಲಿಸಿದರೆ ಸುಮಾರು ಒಂದು ವಾರದಲ್ಲಿ ಎಲೆ ಚಪ್ಪಟೆಯಾಗಿ ಒಣಗುತ್ತದೆ, ಬಣ್ಣವೂ ಹೆಚ್ಚುಕಡಿಮೆ ಉಳಿಯುತ್ತದೆ. ಹೆಚ್ಚು ಬಳಕೆಯಾಗುವ ಎಲೆಗಳಿಗೆ ಲ್ಯಾಮಿನೇಷನ್ ಮಾಡಿಸಬಹುದು, ಆಗ ತೊಟ್ಟು ಹೊರಗೆ ಉಳಿಯುವುದಿಲ್ಲವಾದ್ದರಿಂದ ಹಿಡಿಯಲು ಸ್ವಲ್ಪ ಅಂಚು ಬಿಟ್ಟು ಕತ್ತರಿಸಿ. ಓಕ್ ಕಾಯಿಗಳನ್ನು ನೇರವಾಗಿ ಡಬ್ಬಿಯಲ್ಲಿ ಮುಚ್ಚಿಡಬೇಡಿ. ಹೊರಗೆ ನುಣುಪಾಗಿ ಕಾಣುವ ಕಾಯಿಯೊಳಗೆ ಮೂತಿಹುಳುವಿನ ಮರಿ ಇರುವುದು ಸಾಮಾನ್ಯ. ಕೆಲವು ದಿನಗಳಲ್ಲಿ ಅದು ಸಣ್ಣ ದುಂಡು ರಂಧ್ರ ಕೊರೆದು ಹೊರಬರುತ್ತದೆ. ಆ ದಿನ ಎಣಿಕೆಯ ಪಾಠ ನಡೆಯುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು.

ಸುರಕ್ಷತೆಯ ಮಾತು ಗಂಭೀರವಾದದ್ದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಅಂತರರಾಷ್ಟ್ರೀಯ ಮಾನಕಗಳು ಬಳಸುವ ಪರೀಕ್ಷಾ ಕೊಳವೆಯ ವ್ಯಾಸ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಆ ವಯಸ್ಸಿನವರ ಕೈಗೆ ಸಲ್ಲದು. ಓಕ್ ಕಾಯಿ, ಬೀಜಗಳೆಲ್ಲ ಅದರೊಳಗೆ ಇಳಿಯುತ್ತವೆ. ತಮ್ಮ ಮಕ್ಕಳು ದೊಡ್ಡವರಾದರೂ, ಬಾಯಿಗೆ ಹಾಕುವ ಅಭ್ಯಾಸ ಇನ್ನೂ ಇರುವ ಮಗು ಒಂದಿದ್ದರೂ ದೊಡ್ಡ ಪೈನ್ ಕಾಯಿ ಮತ್ತು ಎಲೆಗಳಿಗೇ ನಿಲ್ಲಿಸುವುದು ಒಳ್ಳೆಯದು. ಹಾರ್ಸ್ ಚೆಸ್ಟ್‌ನಟ್ ಎಂಬ ಹೊಳೆಯುವ ಕಂದು ಕಾಯಿ ಎಣಿಸಲು ಬಹಳ ಚೆಂದ, ಆದರೆ ತಿಂದರೆ ವಿಷ. ಬೀಜಗಳ ಅಲರ್ಜಿ ಇರುವ ಮಕ್ಕಳ ಬಗ್ಗೆಯೂ ಮೊದಲೇ ವಿಚಾರಿಸಿ.

ಪ್ಲಾಸ್ಟಿಕ್ ಎಲೆಯನ್ನು ನಾನು ಬೇಡವೆನ್ನುವುದಿಲ್ಲ, ಎಲೆ ತೆಗೆದು ಮತ್ತೆ ಹಾಕುವ ಮರಕ್ಕೆ ಅದೇ ಅನುಕೂಲ. ಆದರೆ ನಿಜವಾದ ವಸ್ತುಗಳು ಎತ್ತುವ ಪ್ರಶ್ನೆಗಳನ್ನು ಅದು ಎತ್ತುವುದಿಲ್ಲ. ಪೈನ್ ಕಾಯಿಯನ್ನೇ ನೋಡಿ. ಒದ್ದೆಯಾದಾಗ ಅದರ ಪದರಗಳು ಮುಚ್ಚಿಕೊಳ್ಳುತ್ತವೆ, ಒಣಗಿದಾಗ ಅರಳುತ್ತವೆ. ಐದು ಕಾಯಿಗಳನ್ನು ನೀರಿನಲ್ಲಿ ನೆನೆಸಿ, ಮುಚ್ಚಿಕೊಂಡ ಮೇಲೆ ಒಂದು ಬಟ್ಟಲಿಗೆ ಸರಿಯಾಗಿ ತುಂಬಿಸಿ, ಬೆಚ್ಚಗಿನ ಜಾಗದಲ್ಲಿ ಒಣಗಲು ಬಿಡಿ. ಒಣಗಿದ ಮೇಲೆ ಐದೂ ಆ ಬಟ್ಟಲಿನಲ್ಲಿ ಹಿಡಿಸುವುದಿಲ್ಲ. ‘ಹೆಚ್ಚಾದವೇ?’ ಎಂದು ಕೇಳಿ, ಎಣಿಸಲು ಬಿಡಿ. ಎಣಿಕೆಯ ಆಸಕ್ತರು ಹೇಳಿದ ಪಿಯಾಜೆಯ ಪ್ರಶ್ನೆಯನ್ನು ಇಲ್ಲಿ ಶಿಕ್ಷಕರ ಕೈವಾಡವಿಲ್ಲದೆ ಕಾಯಿಗಳೇ ಕೇಳುತ್ತವೆ.

ಹರಿದ ಎಲೆಯೂ ಬುಟ್ಟಿಯಲ್ಲಿರಲಿ. ಎರಡು ತುಂಡಾದ ಎಲೆಯನ್ನು ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಎರಡು ಎಂದೇ ಎಣಿಸುತ್ತಾರೆ. ಒಂದೇ ತೊಟ್ಟಿನ ತುದಿಯಲ್ಲಿ ಐದೋ ಏಳೋ ಎಸಳುಗಳಿರುವ ಸಂಯುಕ್ತ ಎಲೆಯನ್ನು ಕಂಡರಂತೂ ಅದು ಒಂದೋ ಏಳೋ ಎಂಬ ಚರ್ಚೆ ಶುರುವಾಗುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಅದು ಒಂದೇ ಎಲೆ, ಆದರೆ ಎಸಳುಗಳನ್ನು ಎಣಿಸಿದ ಮಗುವಿನ ‘ಏಳು’ ಕೂಡ ಸರಿಯೇ. ಏನನ್ನು ಒಂದು ಎಂದು ಹಿಡಿಯುತ್ತೇವೆ ಎಂಬುದನ್ನು ಮೊದಲು ತೀರ್ಮಾನಿಸಿಯೇ ಎಣಿಸಬೇಕೆಂಬ ತಿಳಿವಳಿಕೆ ಮುಂದೆ ಹತ್ತರ ಕಟ್ಟುಗಳನ್ನು ಕಲಿಯುವಾಗ ಉಪಯೋಗಕ್ಕೆ ಬರುತ್ತದೆ.


ಉತ್ತರ: ನಿವೃತ್ತ ಬೋಧಕ

ಎಷ್ಟರವರೆಗೆ ಎಂಬುದಕ್ಕೆ ನನ್ನ ಉತ್ತರ: ಬಾಯಿಯಲ್ಲಿ ಎಷ್ಟು ಬೇಕಾದರೂ ಹೋಗಲಿ, ಕೈಯಲ್ಲಿ ಹತ್ತು ಸಾಕು. ನೂರರವರೆಗೆ ಹೇಳುವುದರಲ್ಲಿ ತಪ್ಪೇನಿಲ್ಲ, ನಡೆಯುತ್ತ, ಚಪ್ಪಾಳೆ ತಟ್ಟುತ್ತ ಹೇಳಿಸಿ. ಅದು ಕ್ರಮವನ್ನು ಗಟ್ಟಿಮಾಡುತ್ತದೆ. ಆದರೆ ಕೇಳಿದಷ್ಟು ವಸ್ತುಗಳನ್ನು ಎಣಿಸಿ ಕೊಡುವುದು, ಹತ್ತನ್ನು ಒಡೆದು ಕೂಡಿಸುವುದು, ಒಂದಕ್ಕಿಂತ ಇನ್ನೊಂದು ಎಷ್ಟು ಹೆಚ್ಚೆಂದು ಹೇಳುವುದು, ಇವೆಲ್ಲ ಹತ್ತರೊಳಗೆ ಗಟ್ಟಿಯಾಗಬೇಕು. ಪೋಷಕರಿಗೆ ಮಾತಿನಲ್ಲಿ ವಿವರಿಸುವ ಬದಲು ಅಳಿಲಿನ ಆಟವನ್ನು ಅವರ ಎದುರಿಗೇ ಮಾಡಿಸಿ. ನೂರರವರೆಗೆ ಹೇಳಿದ ಮಗು ಆರು ಕಾಯಿ ಕೊಡಲು ತಡವರಿಸುವುದನ್ನು ಕಂಡರೆ ಅವರೇ ಪ್ರಶ್ನೆ ಬದಲಿಸುತ್ತಾರೆ.

ಅಂಕಿಗಳ ಪರಿಚಯಕ್ಕೆ ಹಾದಿಯಾಟ ಒಳ್ಳೆಯ ಸಾಧನ. ಉದ್ದನೆಯ ರಟ್ಟಿನ ಮೇಲೆ ಎಡದಿಂದ ಬಲಕ್ಕೆ ಹತ್ತು ಎಲೆಗಳನ್ನು ಒಂದೇ ಅಳತೆಯ ಅಂತರದಲ್ಲಿ ಅಂಟಿಸಿ, 1ರಿಂದ 10ರವರೆಗೆ ಅಂಕಿ ಬರೆಯಿರಿ; ಎಷ್ಟು ಹೆಜ್ಜೆ ಇಡಬೇಕೆಂದು ತೋರಿಸುವ ಮುಳ್ಳಿನ ಚಕ್ರದಲ್ಲಿ ಒಂದು ಮತ್ತು ಎರಡು ಮಾತ್ರ ಇರಲಿ. ಸೀಗ್ಲರ್ ಮತ್ತು ರಮಣಿ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಇಂಥ ನೇರ ಹಾದಿಯ ಆಟವನ್ನು ಎರಡು ವಾರಗಳೊಳಗೆ ನಾಲ್ಕು ಸಲ, ಪ್ರತಿ ಸಲ ಸುಮಾರು ಕಾಲು ಗಂಟೆ ಆಡಿದ ನಾಲ್ಕೈದು ವರ್ಷದ ಮಕ್ಕಳಲ್ಲಿ ಸಂಖ್ಯೆಗಳ ಹಿರಿತನ ಕಿರಿತನದ ಅರಿವು ಸ್ಪಷ್ಟವಾಗಿ ಬೆಳೆದಿತ್ತು. ಅಂಕಿಗಳ ಬದಲು ಬಣ್ಣಗಳಿದ್ದ ಹಾದಿಯಲ್ಲಿ ಆಡಿದವರಲ್ಲಿ ಹಾಗಾಗಲಿಲ್ಲ. ಆಡಿಸುವಾಗ ಗಮನಿಸಬೇಕಾದದ್ದು ಒಂದೇ: ಐದರ ಮೇಲಿರುವ ಅಳಿಲು ಎರಡು ಹೆಜ್ಜೆ ಇಡುವಾಗ ಮಗು ‘ಒಂದು, ಎರಡು’ ಎನ್ನಬಾರದು, ಎಲೆಗಳ ಮೇಲಿನ ಅಂಕಿಯನ್ನೇ ಓದುತ್ತ ‘ಆರು, ಏಳು’ ಎನ್ನಬೇಕು.

ಬರೆಯುವುದನ್ನು ಎಣಿಕೆಯಿಂದ ಬೇರೆಯಾಗಿಯೇ ಇಡಿ. ಐದು ಎಲೆ ಎಣಿಸಿದ ಮಗುವಿನ ಮುಂದೆ ಅಂಕಿ ಬರೆದ ಚೀಟಿಗಳಿರಲಿ, ಸರಿಯಾದದ್ದನ್ನು ಎತ್ತಿಕೊಟ್ಟರೆ ಸಾಕು. 3 ಅಥವಾ 7 ತಿರುಗಿ ಬೀಳುವುದು ಈ ವಯಸ್ಸಿಗೆ ಸಹಜ, ಅದನ್ನು ಎಣಿಕೆಯ ಕೊರತೆಯೆಂದು ಎಣಿಸಬಾರದು. ಬೆರಳು ಸಿದ್ಧವಾಗುವವರೆಗೆ ಉಪ್ಪುಕಾಗದದಲ್ಲಿ ಕತ್ತರಿಸಿದ ಅಂಕಿಗಳ ಮೇಲೆ ಬೆರಳಾಡಿಸುವುದು, ಮರಳಿನ ತಟ್ಟೆಯಲ್ಲಿ ಬರೆಯುವುದು ಬೇಕಾದಷ್ಟಾಯಿತು.

ಮೂರು ನಾಲ್ಕು ವಾರಗಳ ನಂತರ ‘ಇಷ್ಟು ಕೊಡು’ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಆದರೆ ಆಗ ಕಾಯಿ ಎಲೆಗಳನ್ನು ಬಿಟ್ಟು ಪೆನ್ಸಿಲ್, ಗುಂಡಿ, ಬಳಪ ಇಂಥವನ್ನು ಮುಂದಿಡಿ. ಎಲೆಗಳಲ್ಲಿ ಐದು ಕೊಡಬಲ್ಲ ಮಗು ಪೆನ್ಸಿಲ್‌ಗಳಲ್ಲಿ ಬಾಚಿಕೊಟ್ಟರೆ, ಕಲಿತದ್ದು ಆ ಆಟವನ್ನು ಮಾತ್ರ ಎಂದು ತಿಳಿದು ಇನ್ನಷ್ಟು ದಿನ ಬೇರೆ ಬೇರೆ ವಸ್ತುಗಳಲ್ಲಿ ಆಡಿಸಿ. ಮೊದಲ ದಿನ ಬರೆದಿಟ್ಟ ಟಿಪ್ಪಣಿಯ ಪಕ್ಕದಲ್ಲಿಯೇ ಇದನ್ನೂ ಬರೆಯಿರಿ. ಮುಂದಿನ ತರಗತಿಯ ಶಿಕ್ಷಕರಿಗೆ ಅಂಕಪಟ್ಟಿಗಿಂತ ಆ ಹಾಳೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.